ಒಲೆ ಕೊಟ್ಟ ಉತ್ತರ

“ಉಂಡಾ?”

ಗುರುವಪ್ಪ ಗಟ್ಟಿಯಾಗಿಯೇ ಕೇಳಿದ. ಕೇಳಿಸಿಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ.

ಎದುರಿಗೆ ಹೋಟೆಲಿನ ಹಿಂಬದಿಯ ಗೋಡೆ. ಗೋಡೆಯಲ್ಲಿ ಒಂದು ತೆಂಗಿನಕಾಯಿ ದಾಟುವಷ್ಟು ಅಗಲದ ಕಿಂಡಿ. ಕಾಲ ಬುಡದಲ್ಲಿ ಗೋಬರ್ ಗ್ಯಾಸಿನ ಗುಂಡಿಯ ಕಲ್ಲುಮುಚ್ಚಳ, ಅದರ ಸುತ್ತ ಹೊಸದಾಗಿ ಮೆತ್ತಿದ ಆವೆಮಣ್ಣು. ಕಿಂಡಿಯ ಆಚೆ ಅಡುಗೆಮನೆ ತಣ್ಣಗೆ ಬಿದ್ದಿತ್ತು. ಹನ್ನೊಂದು ದಿನದಿಂದ ಮಹಾಬಲ ಶೆಟ್ಟರ ಮೀನೂಟದ ಹೋಟೆಲಿನಲ್ಲಿ ಒಲೆ ಹೊತ್ತಿರಲಿಲ್ಲ.

ನಾಗರಪಂಚಮಿಯ ಬೆಳಿಗ್ಗೆ ಈ ಗುಂಡಿಯೊಳಗೆ ಸೇಸಪ್ಪನ ಹೆಣ, ಗುಂಡಿಯ ಅಂಚಿನಲ್ಲಿ ಸಾರಾಯಿ ಬಾಟ್ಲಿ ಸಿಕ್ಕಿದ್ದವು. ಕುಡಿದು ಬಿದ್ದ ಎಂದು ಬೋಳಾರ ಊರೆಲ್ಲ ತೀರ್ಮಾನಿಸಿ ಆಗಿತ್ತು.

ಗುರುವಪ್ಪ ಕಿಸೆಯಿಂದ ಕಾಗದ ತೆಗೆದ. ಸೇಸಪ್ಪನ ಹೆಂಡತಿ ರಾಜೀವಿ ಠಾಣೆಯಲ್ಲಿ ಕೊಟ್ಟ ಹೇಳಿಕೆಯ ನಕಲು ಅದು.

‘ನನ್ನ ಗಂಡನು ಹೊರಗಿನಿಂದ, ಉಂಡೆಯಾ ಎಂದು ಕೇಳಿದನು. ಇಲ್ಲವೆಂದು ನಾನು ಹೇಳಿದೆನು. ಆಮೇಲೆ ನಾನು ಅವನನ್ನು ಜೀವಸಹಿತ ನೋಡಲಿಲ್ಲ.’

ಈ ಸಾಲುಗಳು ಪೇಪರಿನಲ್ಲೂ ಬಂದಿದ್ದವು. ಓದಿದವರು ಕಣ್ಣೊರೆಸಿಕೊಂಡಿದ್ದರು. ಕುಡುಕನಾದರೂ ಸಾಯುವ ಮೊದಲು ಹೆಂಡತಿ ಉಂಡಳೋ ಇಲ್ಲವೋ ಎಂದು ವಿಚಾರಿಸಿದನಲ್ಲ ಎಂದು.

ಗುರುವಪ್ಪನೂ ಮೂರು ಸಲ ಓದಿದ್ದ. ನಾಲ್ಕನೆಯ ಸಲ, ಇವತ್ತು ಬೆಳಿಗ್ಗೆ, ಕಣ್ಣು ಮುಚ್ಚಿಕೊಂಡು ಮನಸ್ಸಿನಲ್ಲೇ ಕೇಳಿದ. ಅದು ಹಳೆಯ ಅಭ್ಯಾಸ. ಚಿಕ್ಕಂದಿನಲ್ಲಿ ಅಜ್ಜ ದೀಪದ ಮುಂದೆ ಕುಳಿತು ಪುರಾಣ ವಾಚಿಸುವಾಗ ಅವನು ಕಂಬಕ್ಕೆ ಒರಗಿ ಕಣ್ಣು ಮುಚ್ಚಿಯೇ ಕೇಳುತ್ತಿದ್ದ. ಮುಂದೆ ಮೂವತ್ತೊಂದು ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿ ತುಳು ಸಾಕ್ಷಿಗಳ ಮಾತನ್ನು ಕನ್ನಡಕ್ಕೆ ಇಳಿಸಿ ಜಡ್ಜರ ಮುಂದಿಟ್ಟದ್ದೂ ಹಾಗೆಯೇ. ಬಾಯಿಂದ ಬಂದದ್ದನ್ನು ಒಂದು ಕೂದಲಷ್ಟೂ ಹೆಚ್ಚಿಸದೆ, ಕಡಿಮೆ ಮಾಡದೆ.

ಕಣ್ಣು ಮುಚ್ಚಿದಾಗ ಆ ಸಾಲು ರಾಜೀವಿಯ ಸ್ವರದಲ್ಲಿ ಕೇಳಿಸಿತು. ತುಳುವಿನಲ್ಲಿ ಕೇಳಿಸಿತು. ಅವಳಿಗೆ ಬೇರೆ ಮಾತು ಬಾರದು.

‘ಉಂಡಾಂದ್ ಕೇಂಡೆರ್, ಇಜ್ಜಿಂದ್ ಪಂಡೆ.’

ಬರೆದುಕೊಂಡ ಕಾನ್‌ಸ್ಟೇಬಲ್ ಗದಗದ ಕಡೆಯವನು, ಇಲ್ಲಿಗೆ ಬಂದು ಮೂರು ತಿಂಗಳು. ಅವನ ಊರಿನಲ್ಲಿ ಉಂಡದ್ದು ಎಂದರೆ ಅನ್ನ. ತುಳುವಿನಲ್ಲಿ ‘ಉಂಡಾ’ ಎಂದರೆ ‘ಇದೆಯಾ?’ ‘ಇಜ್ಜಿ’ ಎಂದರೆ ‘ಇಲ್ಲ.’

ಸೇಸಪ್ಪ ಊಟದ ಮಾತನ್ನೇ ಆಡಿರಲಿಲ್ಲ. ಏನೋ ಇದೆಯಾ ಎಂದು ಕೇಳಿದ್ದ. ಇಲ್ಲ ಎಂಬ ಉತ್ತರ ಬಂದ ಮೇಲೆ ಗುಂಡಿಗೆ ಇಳಿದಿದ್ದ.

ಏನು?

“ಯಾರ ಹತ್ತಿರ ಮಾತಾಡ್ತೀರಿ ಗುರುವಪ್ಪಣ್ಣ? ಗುಂಡಿಯ ಹತ್ತಿರವಾ?”

ಬೂಬ ಬಂದು ನಿಂತಿದ್ದ. ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮೀನಿನ ತಲೆ, ಕರುಳು ಬುಟ್ಟಿಯಲ್ಲಿ ಹೊತ್ತು ತಂದು ಈ ಗುಂಡಿಗೆ ಒದಗಿಸುತ್ತಿದ್ದವನು, ಸೇಸಪ್ಪನ ಜೊತೆಗಾರ. ನಲವತ್ತೈದರ ಆಳು. ಸೇಸಪ್ಪನ ಹೆಣವನ್ನು ಮೊದಲು ಕಂಡವನೂ ಅವನೇ. ಇವತ್ತು ತನ್ನ ಬುಟ್ಟಿ ಒಯ್ಯಲಿಕ್ಕೆಂದು ಬಂದಿದ್ದ.

“ಉತ್ತರ ನೀನು ಕೊಡ್ತೀಯಾ?”

“ನಾನು ಎಂತ ಕೊಡುವುದು ಮಾರಾಯ್ರೆ. ಉತ್ತರ ಕೊಡಬೇಕಾದ್ದು ಒಲೆ.”

“ಒಲೆಯಾ?”

“ಮತ್ತೆ? ದಿನಾ ಬೆಳಿಗ್ಗೆ ಸೇಸಪ್ಪಣ್ಣನ ಸುಪ್ರಭಾತ ಅದೇ ಅಲ್ವಾ. ಈ ಕಿಂಡಿಗೆ ಬಾಯಿಟ್ಟು ‘ಉಂಡಾ?’ ಅಂತ ಕೂಗುವುದು. ಒಳಗೆ ರಾಜೀವಿ ಕಡ್ಡಿ ಗೀರಿ ಒಲೆಗೆ ಹಿಡಿಯುವುದು. ಹೊತ್ತಿದರೆ ‘ಉಂಡು’, ಹೊತ್ತದಿದ್ದರೆ ‘ಇಜ್ಜಿ’. ಗುಂಡಿ ನೆಲದೊಳಗೆ ಉಂಟು. ಒಳಗೆ ಗ್ಯಾಸ್ ಎಷ್ಟುಂಟು ಅಂತ ನೋಡಿದರೆ ಗೊತ್ತಾಗ್ತದಾ?”

ಗುರುವಪ್ಪ ಕಾಗದ ಮಡಚಿದ.

“ಆ ದಿನ ಗುಂಡಿಯ ಬಾಯಿ ತೆರೆದದ್ದು ಯಾಕೆ?”

“ಕೆನೆ ಒಡೆಯಲಿಕ್ಕೆ. ಬಾಳೆಲೆ, ತೆಂಗಿನ ನಾರು, ಮೀನಿನ ಹುರುಪೆ ಎಲ್ಲ ಮೇಲೆ ತೇಲಿ ಹಲಗೆಯ ಹಾಗೆ ಕಟ್ತದೆ. ಅಡಿಯ ಗ್ಯಾಸಿಗೆ ದಾರಿ ಇಲ್ಲ. ಎರಡು ವಾರದಿಂದ ಒಲೆ ಕುಂಟ್ತಾ ಇತ್ತು. ಸೋಮವಾರ ಗುಂಡಿ ನೋಡ್ಲಿಕ್ಕೆ ಬೆಂಗಳೂರಿನ ಆಫೀಸರುಗಳು ಬರುವವರು ಅಂತ ಶೆಟ್ರಿಗೆ ಅವಸರ. ಹಬ್ಬದ ದಿನವೇ ಒಡೆದು ಬಿಡು ಅಂದರು.”

“ಗ್ಯಾಸ್ ಇರುವಾಗ ಇಳಿದರೆ?”

ಬೂಬ ಅವನ ಮುಖ ನೋಡಿದ. “ಇಳಿದರೆ ಹತ್ತುವುದಿಲ್ಲ.”

“ಅದು ಸೇಸಪ್ಪನಿಗೆ ಗೊತ್ತಿರಲಿಲ್ವಾ?”

“ಅವನಿಗೆ ಗೊತ್ತಿಲ್ಲದ್ದು ಇನ್ನು ಯಾರಿಗೆ? ಎಷ್ಟು ಸಗಣಿಗೆ ಎಷ್ಟು ಎಂಜಲು, ಎಷ್ಟು ಮೀನು ಅಂತ ಅಂಗೈಯಲ್ಲೇ ತೂಗುವವ. ಅನ್ನ ಜಾಸ್ತಿ ಬಿದ್ದು ಗುಂಡಿ ಹುಳಿಯಾದರೆ ಮೂಸಿಯೇ ಹೇಳುವವ. ‘ಇದಕ್ಕೆ ಅಜೀರ್ಣ ಆಗಿದೆ ಬೂಬಾ, ಸುಣ್ಣದ ನೀರು ಕುಡಿಸುವಾ’ ಅಂತ. ಮಗುವಿಗೆ ಕುಡಿಸಿದ ಹಾಗೆ ಕುಡಿಸುವವ. ಗ್ಯಾಸ್ ಇರುವಾಗ ಇಳಿಯುವ ಜನವಾ ಅದು? ಅದಕ್ಕೇ ಅಲ್ವಾ ಮೊದಲು ಕೇಳುವುದು...”

ಮಾತು ಹೊರಗೆ ಬಿದ್ದ ಮೇಲೆ ಬೂಬನಿಗೂ ಅದು ಕೇಳಿಸಿತು. ಬುಟ್ಟಿ ಕೆಳಗಿಟ್ಟು ಗೋಡೆಗೆ ಒರಗಿ ಕುಳಿತುಬಿಟ್ಟ.

“ಅಯ್ಯೋ ದೇವರೇ. ಆ ದಿನವೂ ಕೇಳಿದ್ದಾ?”

“ಕೇಳಿದ್ದ. ಇಲ್ಲ ಅಂತ ಉತ್ತರ ಬಂದಿತ್ತು.”

ರಾಜೀವಿ ಐದು ದಿನದ ಹಿಂದೆ ಗುರುವಪ್ಪನ ಮನೆಯ ಮೆಟ್ಟಿಲಲ್ಲಿ ಕುಳಿತು ಕೇಳಿದ್ದು ಒಂದೇ. ಅವರು ಕುಡಿದಿರಲಿಲ್ಲ ಅಂತ ತೋರಿಸಿ ಕೊಡಿ ಅಣ್ಣ. ಸೇಸಪ್ಪ ಏಳು ವರ್ಷದ ಹಿಂದೆ ಭಜನಾ ಮಂದಿರದಲ್ಲಿ ದೇವರ ದೀಪ ಮುಟ್ಟಿ ಕುಡಿತ ಬಿಟ್ಟವನು. ಅಂದಿನಿಂದ ಪ್ರತಿ ಶನಿವಾರದ ಭಜನೆಗೆ ಅವನದೇ ತಾಳ. ಬಾಟ್ಲಿ ಸಿಕ್ಕಿದ ಮರುದಿನವೇ ಮಂದಿರದ ಹಿರಿಯರು ಆ ತಾಳವನ್ನು ಗೋಡೆಯ ಮೊಳೆಯಿಂದ ಇಳಿಸಿದ್ದರು. ನಾಡಿದ್ದು ಹದಿಮೂರನೆಯ ದಿನ, ಉತ್ತರಕ್ರಿಯೆಯ ಬೊಜ್ಜ. ಆಣೆ ಮುರಿದವನ ಬೊಜ್ಜಕ್ಕೆ ಭಜನೆಗೆ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಹೆಣದ ಹೊಟ್ಟೆಯಲ್ಲಿ ಸಾರಾಯಿ ಇತ್ತೋ ಎಂಬ ರಿಪೋರ್ಟು ಬರಲಿಕ್ಕೆ ತಿಂಗಳುಗಳೇ ಬೇಕು. ಬೊಜ್ಜ ಅಷ್ಟು ಕಾಯುವುದಿಲ್ಲ.

“ಬೂಬಾ, ನೀನು ಮೊದಲು ಹೆಣ ನೋಡುವಾಗ ಬಾಟ್ಲಿ ಎಲ್ಲಿತ್ತು?”

ಬೂಬ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡ.

“ಠಾಣೆಯಲ್ಲಿ ನನ್ನ ಹತ್ತಿರ ಅದನ್ನು ಯಾರೂ ಕೇಳಲಿಲ್ಲ.”

“ನಾನು ಕೇಳ್ತಾ ಇದ್ದೇನೆ.”

“ಇರಲಿಲ್ಲ. ಮುಚ್ಚಳ ತೆರೆದಿತ್ತು, ಏಣಿ ಇಳಿಸಿತ್ತು, ಅವ ಕವುಚಿ ಬಿದ್ದಿದ್ದ. ಶೆಟ್ರಿಗೆ ಹೇಳಿ, ಹಂಚಿನ ಕಾರ್ಖಾನೆಗೆ ಓಡಿ ಜನ, ಹಗ್ಗ ತಂದೆ. ತರುವಾಗ ಬಾಟ್ಲಿ ಇತ್ತು. ನೆಟ್ಟಗೆ ನಿಂತಿತ್ತು, ಬಿರಡೆ ಹಾಕಿ. ನನ್ನ ಕಣ್ಣೇ ತಪ್ಪಿತ್ತೋ ಅಂತ ಕಂಡಿತು. ಶೆಟ್ರ ಅನ್ನ ತಿಂದವ ನಾನು, ಅಣ್ಣ.”

ಗುರುವಪ್ಪ ಅಡುಗೆಮನೆಯ ಬಾಗಿಲು ತಳ್ಳಿದ.

ಗುಂಡಿಯಿಂದ ಬಂದ ಕಬ್ಬಿಣದ ಪೈಪು ಗೋಡೆ ತೂರಿ ಒಳಗೆ ಬಂದು, ರುಬ್ಬುವ ಕಲ್ಲಿನ ಪಕ್ಕದಲ್ಲಿ ಮೊಣಕಾಲೆತ್ತರಕ್ಕೆ ಇಳಿದು, ಒಲೆಯ ಕಡೆಗೆ ಹೋಗಿತ್ತು. ಕಲ್ಲಿನ ಪಕ್ಕದಲ್ಲೇ, ಪೈಪಿನ ಗ್ಯಾಸನ್ನು ಬಿಡುವ, ತಡೆಯುವ ಹಿತ್ತಾಳೆ ಚಾವಿ. ಚಾವಿ ಈಗ ತೆರೆದಿತ್ತು. ಮೇಲ್ಮೈ ಹೊಳೆಯುತ್ತಿತ್ತು. ಮಸಿ ಹಿಡಿದ ಆ ಅಡುಗೆಮನೆಯಲ್ಲಿ ಹೊಳೆಯುವ ವಸ್ತು ಅದೊಂದೇ.

ಯಾರೋ ತಿಕ್ಕಿ ಒರೆಸಿದ್ದರು.

ಗುರುವಪ್ಪ ಬೆರಳನ್ನು ಚಾವಿಯ ಅಡಿಗೆ ತೂರಿಸಿದ. ಒರೆಸಿದವರ ಕೈ ಅಲ್ಲಿಗೆ ಹೋಗಿರಲಿಲ್ಲ. ಒಣಗಿದ ಹಿಟ್ಟು ಉಗುರಿಗೆ ಸಿಕ್ಕಿತು. ಬಿಳಿ, ಗಟ್ಟಿ. ಅದಕ್ಕೆ ಅಂಟಿಕೊಂಡು ಬಾಡಿದ ಎಲೆಯ ಒಂದು ಚೂರು. ಪುಡಿ ಮಾಡಿ ಮೂಸಿದ. ಹನ್ನೊಂದು ದಿನದ ಮೇಲೂ ಪರಿಮಳ ಹೋಗಿರಲಿಲ್ಲ.

“ಅರಸಿನ ಎಲೆ,” ಎಂದ ಬೂಬ, ಬಾಗಿಲಲ್ಲಿ ನಿಂತು. “ಪಂಚಮಿಯ ಗಟ್ಟಿಯದ್ದು.”

ನಾಗರಪಂಚಮಿಯಂದು ಇಲ್ಲಿ ಮೀನು ಬೇಯುವುದಿಲ್ಲ. ಅರಸಿನ ಎಲೆಗೆ ಅಕ್ಕಿ ಹಿಟ್ಟು ಸವರಿ, ಬೆಲ್ಲ ಕಾಯಿ ಇಟ್ಟು ಮಡಚಿ, ಹಬೆಯಲ್ಲಿ ಬೇಯಿಸಿದ ಗಟ್ಟಿಯನ್ನು ಮೊದಲು ನಾಗನ ಹೆಸರಿನಲ್ಲಿ ಎತ್ತಿಟ್ಟು ಮತ್ತೆ ಎಲ್ಲರೂ ತಿನ್ನುವುದು.

“ಆ ದಿನ ಗಟ್ಟಿ ಬೆಂದದ್ದು ಯಾವ ಒಲೆಯಲ್ಲಿ?”

“ಸೌದೆ ಒಲೆ. ಹೊಗೆ ಕಂಡಿದ್ದೆ.”

“ಒಳಗೆ ಯಾರೆಲ್ಲ ಇದ್ದರು?”

“ರಾಜೀವಿ. ಸೇಸಪ್ಪಣ್ಣನ ಅಮ್ಮ ಅಮ್ಮಣ್ಣಿಯಕ್ಕ, ಗಟ್ಟಿಗೆ ಯಾವಾಗಲೂ ಅವರೇ. ಮತ್ತೆ ಶೆಟ್ರ ಮನೆಯವರು ಆಶಾಲತಕ್ಕ, ಬಂದು ಹೋಗಿ ಮಾಡ್ತಾ ಇದ್ದರು.”

ಗುರುವಪ್ಪ ಆ ಹಿಟ್ಟಿನ ಚೂರನ್ನು ಪೇಪರಿನ ತುಂಡಿನಲ್ಲಿ ಮಡಚಿಕೊಂಡ.

ಮೀನಿನ ಕರುಳಿನಿಂದ ಹುಟ್ಟಿದ ಬೆಂಕಿ ನಾಗನ ಗಟ್ಟಿಗೆ ತಾಗಬಾರದು ಎಂದು ಒಬ್ಬರಿಗೆ ಕಂಡಿದೆ. ಹಿಟ್ಟಿನ ಕೈಯಲ್ಲೇ ಚಾವಿ ತಿರುಗಿಸಿದ್ದಾರೆ. ಯಾರಿಗೂ ಹೇಳಿಲ್ಲ. ಕಿಂಡಿಯಿಂದ ಪ್ರಶ್ನೆ ಬಂದಾಗ ಒಲೆ ಹೊತ್ತಲಿಲ್ಲ. ಗುಂಡಿ ತುಂಬಿತ್ತು, ಒಲೆ ಖಾಲಿಯಾಗಿತ್ತು. ಸೇಸಪ್ಪ ಒಲೆಯ ಮಾತನ್ನು ನಂಬಿದ.

ಎರಡು ವಾರದಿಂದ ಒಲೆ ಕುಂಟುತ್ತಿತ್ತು. ಅವನಿಗೆ ಸಂಶಯ ಬರಲಿಕ್ಕೆ ಕಾರಣವೇ ಇರಲಿಲ್ಲ.

*

ಮಹಾಬಲ ಶೆಟ್ಟರು ಹೋಟೆಲಿನ ಮುಂಬದಿಯಲ್ಲಿ ಒಬ್ಬರೇ ಕುಳಿತಿದ್ದರು. ಬೆಂಚುಗಳನ್ನು ಮೇಜಿನ ಮೇಲೆ ಕವುಚಿ ಇಟ್ಟಿತ್ತು. ಮಂಗಳಾದೇವಿಯ ಪಟಕ್ಕೆ ಮಾತ್ರ ಹೊಸ ಹೂವು.

“ಬನ್ನಿ ದುಭಾಷಿಗಳೇ. ಚಾ ಕೊಡ್ಲಿಕ್ಕೆ ಒಲೆ ಇಲ್ಲ.”

“ಒಲೆಯ ವಿಷಯಕ್ಕೇ ಬಂದದ್ದು ಶೆಟ್ರೆ.”

ಗುರುವಪ್ಪ ಪೇಪರಿನ ಮಡಿಕೆ ಬಿಚ್ಚಿ ಅವರ ಮುಂದಿಟ್ಟ. ಶೆಟ್ಟರು ಒಮ್ಮೆ ನೋಡಿದರು. ಎರಡನೆಯ ಸಲ ನೋಡಲಿಲ್ಲ.

“ಎಂತ ಇದು?”

“ನೀವು ಚಾವಿ ಒರೆಸುವಾಗ ಬಿಟ್ಟದ್ದು.”

ಹೊರಗೆ ಬಸ್ಸೊಂದು ಮಂಗಳಾದೇವಿಯ ಕಡೆಗೆ ಹೋಯಿತು. ಅದರ ಸದ್ದು ಪೂರ್ತಿ ಮುಗಿಯುವವರೆಗೆ ಶೆಟ್ಟರು ಕಾದರು.

“ನಿಮಗೆ ವಯಸ್ಸಾಯ್ತು ಗುರುವಪ್ಪನವರೇ. ಹಿಟ್ಟು ಹೆಕ್ಕುವ ಕೆಲಸ ಯಾಕೆ?”

“ಬಾಟ್ಲಿ ಇಟ್ಟದ್ದು ನೀವು. ಬೂಬ ಹಗ್ಗ ತರಲಿಕ್ಕೆ ಹೋದ ಅರ್ಧ ಗಂಟೆಯಲ್ಲಿ.”

“ಬೂಬ ಹೇಳಿದನಾ?”

“ಬಾಟ್ಲಿಯೇ ಹೇಳಿತು. ಕುಡಿದು ಬೀಳುವವ ಬಿರಡೆ ಹಾಕಿ, ಬಾಟ್ಲಿಯನ್ನು ಪೂಜೆಯ ಗಿಂಡಿಯ ಹಾಗೆ ನಿಲ್ಲಿಸಿ ಬೀಳುವುದಿಲ್ಲ.”

ಶೆಟ್ಟರು ನಕ್ಕರು.

“ನಿಮ್ಮ ಹೆಂಡತಿಯನ್ನು ಉಳಿಸಲಿಕ್ಕೆ ಸತ್ತವನ ಬಾಯಿಗೆ ಸಾರಾಯಿ ಹೊಯ್ದಿರಿ. ಏಳು ವರ್ಷ ಹನಿ ಮುಟ್ಟದವನ ಬಾಯಿಗೆ. ಆಶಾಲತಕ್ಕ ಬೇಕೆಂದು ಮಾಡಿದ್ದಲ್ಲ, ನನಗೂ ಗೊತ್ತುಂಟು. ನಾಗನ ಮಡಿಗೆ ಹೆದರಿ ಚಾವಿ ಮುಚ್ಚಿದರು, ಅಷ್ಟೇ. ಅದನ್ನು ಹೇಳಿದ್ದರೆ ಯಾರು ಅವರನ್ನು ಗಲ್ಲಿಗೆ ಹಾಕುತ್ತಿದ್ದರು?”

“ಆಶಾಲತಾ?” ಶೆಟ್ಟರು ತಲೆ ಎತ್ತಿದರು. “ಅವಳಿಗೆ ಚಾವಿ ಯಾವ ಕಡೆ ತಿರುಗಿಸಬೇಕು ಅಂತಲೂ ಗೊತ್ತಿಲ್ಲ. ಅವಳು ಹಿಟ್ಟಿಗೆ ಕೈ ಹಾಕಿದವಳೇ ಅಲ್ಲ.”

“ಮತ್ತೆ ರಾಜೀವಿಯಾ?”

“ಅವಳಲ್ಲ.”

ಹೇಳಿದ ಕೂಡಲೇ ಶೆಟ್ಟರು ಕಣ್ಣು ಮುಚ್ಚಿಕೊಂಡರು. ಆಡಬಾರದ ಮಾತು ಆಡಿದವರ ಹಾಗೆ.

ಗುರುವಪ್ಪ ಮೇಜಿಗೆ ಕೈ ಊರಿದ. ಮೂವರಲ್ಲಿ ಇಬ್ಬರು ಹೋದರು. ಉಳಿದ ಹೆಸರನ್ನು ನಾಲಿಗೆಗೆ ತರಲಿಕ್ಕೆ ಅವನಿಗೆ ಧೈರ್ಯ ಬರಲಿಲ್ಲ.

“ಅಮ್ಮಣ್ಣಿ,” ಎಂದರು ಶೆಟ್ಟರು. “ಅವನ ಅಮ್ಮ.”

ಕವುಚಿಟ್ಟ ಬೆಂಚೊಂದರ ಕಾಲಿನ ಮೇಲೆ ಗುಬ್ಬಿ ಕುಳಿತಿತ್ತು. ಹಾರಿ ಹೋಯಿತು.

“ಬೂಬ ಬಂದು ಹೇಳಿದ ಕೂಡಲೇ ನಾನು ಹಿಂದಕ್ಕೆ ಓಡಿದೆ. ಅಡುಗೆಮನೆ ದಾಟಬೇಕಲ್ಲ. ಅಮ್ಮಣ್ಣಿ ಸೌದೆ ಒಲೆಯ ಮುಂದೆ ಕುಳಿತಿದ್ದಳು. ಅವಳಿಗೆ ಕಿವಿ ಮಂದ, ಹೊರಗಿನ ಬೊಬ್ಬೆ ಕೇಳಿಸಿರಲಿಲ್ಲ. ರಾಜೀವಿ ತೆಂಗಿನಕಾಯಿ ತರಲಿಕ್ಕೆ ಅಂಗಡಿಗೆ ಹೋಗಿದ್ದಳು. ನನ್ನ ಮುಖ ನೋಡಿ, ನಾನು ಬೈಲಿಕ್ಕೆ ಬಂದದ್ದು ಅಂತ ಅವಳಿಗೆ ಕಂಡಿತು. ‘ಒಡೆಯರೇ, ಸೌದೆ ಖರ್ಚಾಯ್ತು ಅಂತ ಬೈಬೇಡಿ. ಬೆಳಿಗ್ಗೆ ಆ ಚಾವಿ ನಾನೇ ತಿರುಗಿಸಿದ್ದು. ಇವತ್ತು ಒಂದು ದಿನ ನಾಗನ ಗಟ್ಟಿಗೆ ಮೀನಿನ ಕರುಳಿನ ಬೆಂಕಿ ಬೇಡ’ ಅಂದಳು.”

ಶೆಟ್ಟರು ಅಂಗೈಯಿಂದ ಮುಖ ಒರೆಸಿಕೊಂಡರು. ಗುರುವಪ್ಪ ಬೇರೆ ಕಡೆ ನೋಡಿದ.

“ನಾನು ಅವಳ ಮಗನ ಸುದ್ದಿಯನ್ನು ಬಾಯಲ್ಲಿ ಇಟ್ಟುಕೊಂಡು ನಿಂತಿದ್ದೆ. ಅವಳು ಗಟ್ಟಿ ಕೊಡ್ಲಿಕ್ಕೆ ಬಂದಳು. ‘ಬಿಸಿ ಉಂಟು, ತಿನ್ನಿ’ ಅಂತ.”

“ಆಮೇಲೆ?”

“ಚಾವಿ ಒರೆಸಿ ತೆರೆದೆ. ಬಾಟ್ಲಿ ಯಾವನೋ ಗಿರಾಕಿ ಬಿಟ್ಟು ಹೋದದ್ದು ಮೇಜಿನ ಅಡಿಯಲ್ಲಿ ಇತ್ತು. ಕುಡುಕನ ಅಮ್ಮನಾಗಿ ಅವಳು ಬದುಕ್ತಾಳೆ. ಮಗನನ್ನು ಕೊಂದ ಅಮ್ಮನಾಗಿ ಒಂದು ದಿನ ಬದುಕ್ತಾಳಾ?”

“ನಿಮಗೂ ಒಳ್ಳೆಯದೇ ಆಯಿತು. ಸೋಮವಾರಕ್ಕೆ ಗುಂಡಿ ತಯಾರಾಗಬೇಕು ಅಂತ ಹಬ್ಬದ ದಿನ ಅವನನ್ನು ಇಳಿಸಿದ್ದು ಯಾರು ಅಂತ ಊರು ಕೇಳಲಿಲ್ಲ.”

“ಹೌದು,” ಎಂದರು ಶೆಟ್ಟರು. “ಅರ್ಧ ಅವಳಿಗಾಗಿ. ಅರ್ಧ ನನಗಾಗಿ. ಯಾವುದು ಯಾವ ಅರ್ಧ ಅಂತ ನನಗೇ ಗೊತ್ತಾಗುವುದಿಲ್ಲ.”

“ಮಂದಿರಕ್ಕೆ ಬಂದು ಬಾಟ್ಲಿ ನನ್ನದು ಅಂತ ಹೇಳಿ. ಅಷ್ಟು ಸಾಕು.”

“ಹೇಳ್ತೇನೆ. ಇವತ್ತೇ ಬರ್ತೇನೆ. ಅವರು ಕೇಳುವ ಮೊದಲ ಪ್ರಶ್ನೆ ‘ಯಾಕೆ ಇಟ್ಟಿರಿ?’ ಕುಡಿಯದವ ಗ್ಯಾಸಿನ ಗುಂಡಿಗೆ ಇಳಿದದ್ದು ಯಾಕೆ? ಒಲೆ ಹೊತ್ತದೆ ಇದ್ದದ್ದು ಯಾಕೆ? ಚಾವಿ ಮುಚ್ಚಿದ್ದು ಯಾರು?” ಶೆಟ್ಟರು ಮೇಜಿನ ಮೇಲಿನ ಎಲೆಯ ಚೂರನ್ನು ಅವನ ಕಡೆಗೆ ತಳ್ಳಿದರು. “ಮೂವತ್ತು ವರ್ಷ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿದವರು ನೀವು. ಇದನ್ನು ಹೇಗೆ ದಾಟಿಸುವುದು ಅಂತ ನೀವೇ ಹೇಳಿ.”

ಗುರುವಪ್ಪ ಪೇಪರು ಮಡಚಿ ಕಿಸೆಗೆ ಹಾಕಿಕೊಂಡ.

*

ಸೇಸಪ್ಪನ ಮನೆ ಹೊಳೆಯ ಬದಿಗೆ. ಅಂಗಳದಲ್ಲಿ ಹಳೆಯ ಬಲೆಯೊಂದು ಬೇಲಿಯಾಗಿ ನಿಂತಿತ್ತು. ದೋಣಿ ಮಾರಿ, ಕೆಮ್ಮಿನಿಂದ ಕಡಲು ಬಿಟ್ಟು, ಸೇಸಪ್ಪ ಗುಂಡಿಯ ಕೆಲಸಕ್ಕೆ ಸೇರಿದ ಮೇಲೆ ಅದಕ್ಕೆ ಬೇರೆ ಕೆಲಸ ಇರಲಿಲ್ಲ.

ಜಗಲಿಯಲ್ಲಿ ಅಮ್ಮಣ್ಣಿ ಬೊಜ್ಜಕ್ಕೆ ಅಕ್ಕಿ ಆರಿಸುತ್ತಿದ್ದಳು. ಗೆರಸೆಯನ್ನು ಕಣ್ಣಿನ ಹತ್ತಿರಕ್ಕೆ ತಂದು ಒಂದೊಂದೇ ಕಲ್ಲು ತೆಗೆಯುತ್ತಿದ್ದಳು.

“ಯಾರು, ದುಭಾಷಿಗಳಾ? ಕೂತ್ಕೊಳ್ಳಿ. ಅವಳು ಬಾವಿಕಟ್ಟೆಯಲ್ಲಿ ಇದ್ದಾಳೆ.”

ಗುರುವಪ್ಪ ಕುಳಿತ. ಎದ್ದು ಹೋಗಬೇಕೆಂದು ಮನಸ್ಸು ಹೇಳಿತು. ಕಾಲು ಕೇಳಲಿಲ್ಲ.

“ನಿಮ್ಮ ಹತ್ತಿರ ಒಂದು ಕೇಳಬೇಕು ಅಂತ ಇದ್ದೆ,” ಎಂದಳು ಮುದುಕಿ, ಅಕ್ಕಿಯಿಂದ ಕಣ್ಣು ತೆಗೆಯದೆ. “ದೊಡ್ಡ ದೊಡ್ಡ ನ್ಯಾಯ ಕಂಡವರು ನೀವು. ಪಂಚಮಿಯ ದಿನ ನಾನು ಎಷ್ಟು ಜಾಗ್ರತೆ ಮಾಡಿದ್ದೆ ಗೊತ್ತುಂಟಾ? ಮುಂಜಾನೆ ತಣ್ಣೀರು ಮಿಂದೆ. ಹರಿದ ಎಲೆ ಒಂದನ್ನೂ ಹಾಕಲಿಲ್ಲ. ಆ ಹಾಳು ಮೀನಿನ ಗ್ಯಾಸನ್ನು ಕೂಡ ತಾಗಲಿಕ್ಕೆ ಬಿಡಲಿಲ್ಲ. ಆಯ್ತಲ್ಲ? ಅದೇ ದಿನ, ಅದೇ ಹೊತ್ತಿಗೆ, ನನ್ನ ಮಗ ಆಣೆ ಮುರಿದು ಕುಡೀಬೇಕಾ? ನಾಗ ನನ್ನಲ್ಲಿ ಎಂತ ತಪ್ಪು ಕಂಡ?”

ಗುರುವಪ್ಪ ಗೆರಸೆಯ ಅಂಚಿಗೆ ಬಂದ ಅಕ್ಕಿಯನ್ನು ಒಳಗೆ ತಳ್ಳಿದ.

“ಕುಡಿದನಲ್ಲ ಅಂತಲೇ ನನ್ನ ಸಂಕಟ,” ಎಂದಳು ಅಮ್ಮಣ್ಣಿ. “ಸತ್ತದ್ದಕ್ಕಿಂತ ಹೆಚ್ಚು ಅದೇ.”

ಅವಳಿಗೆ ಇನ್ನೊಂದು ಕಲ್ಲು ಸಿಕ್ಕಿತು. ಅಂಗಳಕ್ಕೆ ಎಸೆದಳು.

ಬಾವಿಕಟ್ಟೆ ಮನೆಯ ಹಿಂದೆ. ರಾಜೀವಿ ಗುರುವಪ್ಪನನ್ನು ಕಂಡು ಹಗ್ಗವನ್ನು ರಾಟೆಯಲ್ಲೇ ಹಿಡಿದು ನಿಂತಳು. ಕೊಡ ಅರ್ಧ ದಾರಿಯಲ್ಲಿ ತೂಗುತ್ತಿತ್ತು.

“ಸಿಕ್ಕಿತಾ ಅಣ್ಣ?”

“ನಿನ್ನ ಗಂಡ ಕುಡಿದಿರಲಿಲ್ಲ, ರಾಜೀವಿ. ಬಾಟ್ಲಿ ಆಮೇಲೆ ತಂದು ಇಟ್ಟದ್ದು.”

ಅವಳ ಮುಖ ಅರಳಿತೋ, ಮುರಿಯಿತೋ, ಗುರುವಪ್ಪನಿಗೆ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಆಯಿತು. ಸೆರಗಿನ ತುದಿಯನ್ನು ಬಾಯಿಗೆ ಒತ್ತಿ ಹಿಡಿದುಕೊಂಡಳು.

“ನನಗೆ ಗೊತ್ತಿತ್ತು. ನನಗೆ ಗೊತ್ತಿತ್ತು ಅಣ್ಣ. ಇನ್ನು ಮಂದಿರದವರು ಬರ್ತಾರಲ್ಲ? ನಮ್ಮವರ ತಾಳ ವಾಪಸು ಗೋಡೆಗೆ ಹಾಕ್ತಾರಲ್ಲ?” ಮತ್ತೆ, ತಡೆದು, “ಹಾಗಾದರೆ ಬಿದ್ದದ್ದು ಹೇಗೆ?”

ಇದನ್ನು ಹೇಳದೆ ಗತಿಯಿರಲಿಲ್ಲ. ಗುರುವಪ್ಪ ಹೇಳಿದ. ಠಾಣೆಯಲ್ಲಿ ಬರೆದ ಸಾಲು, ಅದರ ಅರ್ಥ. ಗುಂಡಿಯಲ್ಲಿ ಗ್ಯಾಸ್ ತುಂಬಿತ್ತು. ಚಾವಿ ಮುಚ್ಚಿತ್ತು. ಅದಕ್ಕೆ ಒಲೆ ಹೊತ್ತಲಿಲ್ಲ. ಒಲೆ ಹೊತ್ತದಿದ್ದರೆ ಗುಂಡಿ ಖಾಲಿ ಎಂದು ಸೇಸಪ್ಪ ಇಳಿದ.

ಹಗ್ಗ ರಾಜೀವಿಯ ಕೈಯಿಂದ ಜಾರತೊಡಗಿತು. ರಾಟೆ ಗಿರ್ರನೆ ತಿರುಗಿ ಕೊಡ ಬಾವಿಯ ತಳಕ್ಕೆ ಹೋಗಿ ಬಿತ್ತು.

“ಎರಡು ಕಡ್ಡಿ ಗೀರಿದೆ,” ಎಂದಳು. “ಎರಡು ಕಡ್ಡಿ ಗೀರಿ ನೋಡಿ, ಇಜ್ಜಿ ಅಂದೆ. ಆ ದಿನ ಇಳೀತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ದಿನದ ಹಾಗೆ ಕೇಳಿದ್ದು ಅಂತ...”

“ಒಲೆ ಹೊತ್ತಲಿಲ್ಲ. ನೀನು ಇಲ್ಲ ಅಂದೆ. ನೀನು ಹೇಳಿದ್ದು ಸತ್ಯ.”

“ಸತ್ಯ ಹೇಳಿ ಕೊಂದೆನಾ ನಾನು?”

“ಇಲ್ಲ.”

“ಮತ್ತೆ ಯಾರು?”

ಅವಳ ಕಣ್ಣು ಒಣಗಿಹೋಗಿತ್ತು. ಅವಳು ಕಟ್ಟೆಯಿಂದ ಒಂದು ಹೆಜ್ಜೆ ಮುಂದೆ ಬಂದಳು.

“ಚಾವಿ ತನ್ನಷ್ಟಕ್ಕೆ ತಿರುಗುವುದಿಲ್ಲ ಅಲ್ವಾ? ಯಾರು ಮುಚ್ಚಿದ್ದು?”

“ಬೇಕೆಂದು ಮಾಡಿದ್ದಲ್ಲ.”

“ಯಾರು ಅಂತ ಕೇಳಿದ್ದು ನಾನು.”

“ಮಂದಿರದ ಹಿರಿಯರಿಗೆ ನಾನು ಹೇಳ್ತೇನೆ. ಅವನು ಕುಡಿದಿರಲಿಲ್ಲ, ಗ್ಯಾಸಿನಿಂದ ಸತ್ತದ್ದು ಅಂತ. ಅಷ್ಟು ಸಾಲದಾ?”

“ಅಷ್ಟು ಅವರಿಗೆ ಸಾಕು. ನನಗೆ ಸಾಲದು.” ಅವಳ ಸ್ವರ ತಗ್ಗಿತು. “ಆ ಅಡುಗೆಮನೆಯಲ್ಲಿ ಇದ್ದದ್ದು ನಾವು ಮೂರು ಜನ. ನಾನು ಚಾವಿ ಮುಟ್ಟಲಿಲ್ಲ. ಅತ್ತೆ ಬಾಗಿಲಾಚೆ ಕೂತು ಎಲೆ ಒರೆಸ್ತಾ ಇದ್ದರು. ಉಳಿದದ್ದು ಆಶಾಲತಕ್ಕ. ಸರಿಯಾ? ಅದಕ್ಕೇ ಶೆಟ್ರು ಬಾಟ್ಲಿ ಇಟ್ಟದ್ದು. ಸರಿಯಾ?”

ಗುರುವಪ್ಪ ಬಾವಿಯೊಳಗೆ ನೋಡಿದ. ತಳದಲ್ಲಿ ಕೊಡ ಒಂದು ಬದಿಗೆ ವಾಲಿ ನಿಧಾನ ಮುಳುಗುತ್ತಿತ್ತು.

“ನಾಡಿದ್ದು ಬೊಜ್ಜಕ್ಕೆ ಅವಳೂ ಬರ್ತಾಳೆ. ಊರೆಲ್ಲ ಕೂತಿರುವಾಗ, ದೀಪದ ಎದುರು, ಹೆಸರು ಹಿಡಿದು ಕೇಳ್ತೇನೆ. ಅತ್ತೆಯನ್ನೂ ಪಕ್ಕದಲ್ಲಿ ನಿಲ್ಲಿಸಿ ಕೇಳ್ತೇನೆ. ಹೆತ್ತವಳ ಬಾಯಿಂದ ಒಂದು ಮಾತು ಅವಳಿಗೆ ತಟ್ಟಲಿ. ಅತ್ತೆ ಹನ್ನೊಂದು ದಿನದಿಂದ ಒಪ್ಪೊತ್ತು ಊಟ ಮಾಡಿ ಕಾದಿದ್ದಾರೆ.”

ಜಗಲಿಯಿಂದ ಅಮ್ಮಣ್ಣಿಯ ಸ್ವರ ಬಂತು. “ರಾಜೀವೀ, ದುಭಾಷಿಗಳಿಗೆ ಕುಡೀಲಿಕ್ಕೆ ಎಂತದಾದರೂ ಕೊಟ್ಟಿಯಾ?”

“ಕೊಡ್ತೇನೆ ಅತ್ತೆ,” ಎಂದು ರಾಜೀವಿ ಗಟ್ಟಿಯಾಗಿ ಹೇಳಿದಳು. ಮತ್ತೆ ಗುರುವಪ್ಪನ ಎದುರಿಗೆ ಬಂದು ನಿಂತಳು. ಕೈ ಮುಗಿದಳು. ಬೆರಳುಗಳು ಬಾವಿ ಹಗ್ಗದ ಒದ್ದೆಯಲ್ಲಿ ಸುಕ್ಕಾಗಿದ್ದವು.

“ದಮ್ಮಯ್ಯ ಅಣ್ಣ. ಹೆಸರು ನಿಮ್ಮ ಬಾಯಿಂದ ಬರುವುದು ಬೇಡ. ನಾನೇ ಹೇಳಿದೆನಲ್ಲ. ಆಶಾಲತಕ್ಕ ಹೌದಾ, ಅಲ್ವಾ? ಒಂದು ಮಾತು. ತಲೆ ಅಲ್ಲಾಡಿಸಿದರೂ ಸಾಕು.”

ಹೌದು ಎಂದರೆ ತಪ್ಪು ಮಾಡದ ಒಬ್ಬಳ ತಲೆಯ ಮೇಲೆ ಊರು ಬೀಳುತ್ತದೆ. ಅಲ್ಲ ಎಂದರೆ ಉಳಿಯುವುದು ಒಂದೇ ಹೆಸರು. ಆ ಹೆಸರಿನವಳು ಹತ್ತು ಮಾರು ಆಚೆ ಜಗಲಿಯಲ್ಲಿ ಕುಳಿತು, ಮಗನ ಬೊಜ್ಜದ ಅಕ್ಕಿಯಲ್ಲಿ ಕಲ್ಲು ಹುಡುಕುತ್ತಿದ್ದಾಳೆ.

ಕೇಳಿದ ಪ್ರಶ್ನೆಗೆ ಉತ್ತರ ದಾಟಿಸದೆ ಗುರುವಪ್ಪ ಒಂದು ದಿನವೂ ಕೋರ್ಟಿನಿಂದ ಇಳಿದವನಲ್ಲ. ಅವನು ರಾಜೀವಿಯ ಮುಗಿದ ಕೈಯನ್ನು ನೋಡಿದ. ತಲೆಯನ್ನು ಅಲುಗಿಸದೆ ನಿಂತ.

“ಹೇಳುವುದಿಲ್ಲ,” ಎಂದ.